ಮೂರು ಕಡೆ ಚುಚ್ಚಿ ನೋಡಿದ ಸಿನಿಮಾ

ನಮ್ಮ ನಡುಮನೆಯ ಗೋಡೆಯಲ್ಲಿ, ಕ್ಯಾಲೆಂಡರಿನ ಪಕ್ಕ, ಮೊಳದುದ್ದದ ಕಬ್ಬಿಣದ ಕೊಳವೆಯೊಂದು ನೇತಾಡುತ್ತಿದೆ. ಒಂದು ತುದಿ ಚೂಪು, ಇನ್ನೊಂದು ತುದಿ ಬಾಯಿ ಬಿಟ್ಟದ್ದು. ಹೊಸಬರು ಅದನ್ನು ಆಯುಧವೆಂದು ತಿಳಿದು ಸ್ವಲ್ಪ ಸರಿದು ಕೂರುತ್ತಾರೆ. ಹೆದರಬೇಡಿ, ಅದು ನನಗೆ ಮೂವತ್ತು ವರ್ಷ ಅನ್ನ ಹಾಕಿದ ಸಾಮಾನು. ಶಿಕಾರಿಪುರದ ಮಾರುಕಟ್ಟೆಯ ಯಾರ್ಡಿಗೆ ಬರುವ ಭತ್ತ, ಮೆಕ್ಕೆಜೋಳದ ಚೀಲಗಳಿಗೆ ಇದನ್ನು ಚುಚ್ಚಿ, ಒಳಗಿನ ಕಾಳನ್ನು ಅಂಗೈಗೆ ಸುರಿದುಕೊಂಡು, ಊದಿ, ಹಲ್ಲಿನಲ್ಲಿ ಕಡಿದು, ಒಂದನೇ ದರ್ಜೆಯೋ ಎರಡನೇ ದರ್ಜೆಯೋ ಎಂದು ಹೇಳುವುದು ನನ್ನ ಕೆಲಸವಾಗಿತ್ತು. ಮೇಲೊಂದು ಕಡೆ, ನಡುವೆ ಒಂದು ಕಡೆ, ಬುಡದಲ್ಲಿ ಒಂದು ಕಡೆ, ಒಟ್ಟು ಮೂರು ಚುಚ್ಚು. ಅಷ್ಟಕ್ಕೇ ಚೀಲದ ಜಾತಕ ಕೈಗೆ ಬರುತ್ತಿತ್ತು. ಚೀಲ ಬಿಚ್ಚಿ ಸುರಿದು ನೋಡುತ್ತ ಕೂತರೆ ಸಂಜೆಯ ಬಸ್ಸು ಯಾರಿಗೆ ಸಿಗುತ್ತದೆ ಹೇಳಿ.

ನಿವೃತ್ತಿಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿಯ ಜೊತೆ ಕೊಳವೆಯನ್ನೂ ಕೊಟ್ಟರು. ಸವೆದುಹೋಗಿದೆ, ನೀವೇ ಇಟ್ಟುಕೊಳ್ಳಿ ಎಂದರು. ಅದು ಗೋಡೆಗೆ ಹೋಯಿತು. ಅಭ್ಯಾಸ ಮಾತ್ರ ಕೈಯಲ್ಲೇ ಉಳಿಯಿತು. ಕಾದಂಬರಿ ಕೈಗೆ ಬಂದರೆ ಮೊದಲ ಪುಟ, ನಡುವಿನ ಪುಟ, ಕೊನೆಯ ಪುಟ. ಸಭೆಗೆ ಹೋದರೆ ಸ್ವಾಗತಕ್ಕೆ ಇದ್ದು, ಚಹಾಕ್ಕೆ ಎದ್ದು, ಅಧ್ಯಕ್ಷರ ಮಾತಿನ ನಡುವೆ ಒಮ್ಮೆ ಇಣುಕಿ, ವಂದನಾರ್ಪಣೆಯ ಚಪ್ಪಾಳೆಗೆ ಸರಿಯಾಗಿ ಬಂದು ಕೂರುವುದು. ಮದುವೆಯ ಊಟದಲ್ಲಿ ಕೋಸಂಬರಿ, ಸಾರು, ಪಾಯಸ ಇಷ್ಟನ್ನು ನಾಲಿಗೆಗೆ ಮುಟ್ಟಿಸಿ ಅಡುಗೆಯವರ ಯೋಗ್ಯತೆ ನಿರ್ಧರಿಸುವುದು. ನನ್ನ ಹೆಂಡತಿ ಸುಶೀಲ ಇದನ್ನು ಬಂದವರಿಗೆಲ್ಲ ಹೇಳಿ ನಗುತ್ತಾಳೆ. ಹೆಣ್ಣು ನೋಡಲು ಬಂದಾಗಲೂ ನಾನು ಮೂರೇ ಪ್ರಶ್ನೆ ಕೇಳಿದ್ದೆನಂತೆ. ನಾಲ್ಕನೆಯದು ಕೇಳದಿದ್ದುದರಿಂದಲೇ ತಾನು ಪಾಸಾದೆ ಎನ್ನುತ್ತಾಳೆ. ಆ ನಾಲ್ಕನೆಯದು ಯಾವುದು ಎಂದು ಕೇಳಲು ನನಗೆ ಇವತ್ತಿಗೂ ಧೈರ್ಯ ಬಂದಿಲ್ಲ.

ಈ ಪದ್ಧತಿಗೆ ಪೆಟ್ಟು ಬೀಳಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಬಂದಳಿಕೆ ಕಡೆಯ ಒಬ್ಬ ಮುದುಕನ ಭತ್ತಕ್ಕೆ ಒಂದು ಸಲ ಎರಡನೇ ದರ್ಜೆ ಎಂದೆ. ಆತ ಜಗಳವಾಡಲಿಲ್ಲ. ಸುಮ್ಮನೆ ಚೀಲದ ಬಾಯಿ ಬಿಚ್ಚಿ ನೆಲಕ್ಕೆ ಸುರಿದ. ನಾನು ಎಳೆದ ಮೂರು ಹಿಡಿ ಬಿಟ್ಟರೆ ಉಳಿದದ್ದೆಲ್ಲ ಚಿನ್ನದಂಥ ಕಾಳು. ನನ್ನ ದುರದೃಷ್ಟಕ್ಕೋ ಅವನ ದುರದೃಷ್ಟಕ್ಕೋ, ಜೊಳ್ಳು ಇದ್ದ ಜಾಗವನ್ನೇ ಹುಡುಕಿಕೊಂಡು ಹೋಗಿ ಚುಚ್ಚಿದ್ದೆ. ದರ್ಜೆ ತಿದ್ದಿಕೊಟ್ಟೆ. ಹೋಗುವಾಗ ಆತ ಮೆತ್ತಗೆ ಹೇಳಿದ: “ಸಾಹೇಬ್ರ, ನೀವು ಮ್ಯಾಲ ಹೋದಾಗ ದೇವ್ರು ನಿಮ್ಮನ್ನ ಮೂರೇ ಕಡೆ ಚುಚ್ಚಿ ನೋಡದಂಗ ಆಗ್ಲಿ.” ಆ ರಾತ್ರಿ ಊಟ ಸೇರಲಿಲ್ಲ. ಮಾರನೆಯ ದಿನ ಮತ್ತೆ ಮೂರೇ ಕಡೆ ಚುಚ್ಚಿದೆ.

ಇಂಥವನನ್ನು ಸಿನಿಮಾ ವಿಮರ್ಶಕನನ್ನಾಗಿ ಮಾಡಿದ ಪಾಪ ನಮ್ಮೂರ ವಾರಪತ್ರಿಕೆಯ ಸಂಪಾದಕ ವೀರೇಶಪ್ಪನದು. ರಾಜ್ಯಮಟ್ಟದ ಯಾವುದೋ ಪ್ರಶಸ್ತಿಗೆ ಐದು ಕಿರುಚಿತ್ರಗಳು ನಾಮನಿರ್ದೇಶನಗೊಂಡಿದ್ದವಂತೆ. ಬಹುಮಾನ ಘೋಷಣೆಗೆ ಮೊದಲು ಪತ್ರಿಕೆಗಳವರು ನೋಡಿ ಬರೆಯಲಿ ಎಂದು ಅವುಗಳ ಲಿಂಕು ಇವನಿಗೂ ಬಂದಿತ್ತು. ಅರ್ಧ ಪುಟ ಖಾಲಿ ಇತ್ತು, ಬರೆಯುವವರು ಯಾರೂ ಸಿಕ್ಕಿರಲಿಲ್ಲ. ನನಗೆ ಸಿನಿಮಾದ ಗಂಧವಿಲ್ಲ ಎಂದೆ. ಅವನು ಬಿಡಲಿಲ್ಲ. “ನಿಮಗ ಗ್ರೇಡ್ ಮಾಡಾಕ ಬರ್ತದಲ್ರೀ, ಅಷ್ಟ ಸಾಕು. ಉಳಿದಿದ್ದು ಭಾಷಾ” ಎಂದ. ಇವು ಬೊಂಬೆ ಚಿತ್ರಗಳಲ್ಲ, ನಿಜವಾದ ಮನುಷ್ಯರೇ ನಟಿಸಿದ ಲೈವ್ ಆ್ಯಕ್ಷನ್ ಚಿತ್ರಗಳು ಎಂದೂ ತಿಳಿಸಿದ. ಸುಶೀಲ ಆ್ಯಕ್ಷನ್ ಎಂಬುದನ್ನು ಕೇಳಿ ಹೊಡೆದಾಟ ನೋಡಲು ಪಕ್ಕದಲ್ಲಿ ಬಂದು ಕೂತವಳು, ಎರಡು ನಿಮಿಷ ಯಾರೂ ಯಾರಿಗೂ ಹೊಡೆಯದ್ದನ್ನು ಕಂಡು ಎದ್ದು ಹೋದಳು.

ಹಾಗೆಂದು ವಿಮರ್ಶೆಯಲ್ಲಿ ನಾನು ತೀರಾ ಹೊಸಬನಲ್ಲ. ಮೊದಲ ವಿಮರ್ಶೆ ಮಾಡಿದ್ದು ಏಳನೇ ವಯಸ್ಸಿನಲ್ಲಿ. ನಮ್ಮ ಹುಟ್ಟೂರು ಅಂಬ್ಲಿಗೊಳದ ಕಡೆ. ಸುಗ್ಗಿ ಮುಗಿದ ಮೇಲೆ ಹತ್ತಿರದ ಊರಿಗೆ ಟೆಂಟ್ ಸಿನಿಮಾ ಬರುತ್ತಿತ್ತು. ಅಪ್ಪ ನನ್ನನ್ನು ಸೈಕಲ್ಲಿನ ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ನನಗಿಂತ ಐದು ವರ್ಷ ದೊಡ್ಡವಳಾದ ಗಿರಿಜಕ್ಕನನ್ನು ಕರೆದೊಯ್ಯುತ್ತಿರಲಿಲ್ಲ. ಸೈಕಲ್ಲಿನಲ್ಲಿ ಜಾಗವಿಲ್ಲ ಎನ್ನುತ್ತಿದ್ದರು. ಹಿಂದಿನ ಕ್ಯಾರಿಯರ್ ಖಾಲಿಯೇ ಇರುತ್ತಿತ್ತು.

ಮಾರನೆಯ ಬೆಳಿಗ್ಗೆ ಅಕ್ಕ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತ ಇಡೀ ಸಿನಿಮಾ ನನ್ನಿಂದ ಹೇಳಿಸುತ್ತಿದ್ದಳು. ವಕೀಲರೂ ಹಾಗೆ ಪಾಟೀಸವಾಲು ಹಾಕುವುದಿಲ್ಲ. ಅವನ ತಂಗಿ ಏನಾದಳು, ಕುದುರೆಗೆ ಆಮೇಲೆ ಹುಲ್ಲು ಹಾಕಿದ್ದು ಯಾರು, ಎಲ್ಲ ಬೇಕು. ನನ್ನ ತೊಂದರೆ ಏನೆಂದರೆ ಇಂಟರ್‌ವಲ್ಲಿನ ಕಡಲೆಕಾಯಿ ಮುಗಿಯುತ್ತಲೇ ನಾನು ಅಪ್ಪನ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದೆ. ಆದ್ದರಿಂದ ದ್ವಿತೀಯಾರ್ಧವನ್ನು ಕೊಟ್ಟಿಗೆಯಲ್ಲೇ ಸೃಷ್ಟಿಸಬೇಕಾಗುತ್ತಿತ್ತು. ನಲವತ್ತು ವರ್ಷದ ನಂತರ ಅಂಥ ಒಂದು ಸಿನಿಮಾ ಟಿವಿಯಲ್ಲಿ ಬಂದಾಗ ಸೊರಬದಿಂದ ಅಕ್ಕನ ಫೋನು ಬಂತು. ನಾನು ಹೇಳಿದ್ದರಲ್ಲಿ ತಾಯಿ ಬದುಕಿದ್ದಳು, ಇದರಲ್ಲಿ ಸತ್ತೇ ಹೋದಳು ಎಂದಳು. ಫೋನು ಇಡುವ ಮೊದಲು, ನಿನ್ನದೇ ಚೆನ್ನಾಗಿತ್ತು ಎಂದಳು. ಒಂದು ಸಲ ಕ್ಷಮಿಸಿದವರು ಯಾವಾಗಲೂ ಕ್ಷಮಿಸುತ್ತಾರೆ ಎಂದು ನಾನು ತಿಳಿದದ್ದು ತಪ್ಪಾಯಿತು.

ಸರಿ, ಐದು ಸಿನಿಮಾ. ಫೋನಿನಲ್ಲಿ ಎಷ್ಟು ಅನುಕೂಲ ಮಾಡಿಟ್ಟಿದ್ದಾರೆ ನೋಡಿ, ಕೆಳಗಿನ ಗೆರೆಯನ್ನು ಬೆರಳಲ್ಲಿ ಎಳೆದರೆ ಬೇಕಾದ ಕಡೆ ಚುಚ್ಚಬಹುದು. ಮೊದಲನೆಯದರಲ್ಲಿ ಒಬ್ಬ ಮನುಷ್ಯ ಬಾವಿಯೊಳಗೆ ನೋಡುತ್ತಿದ್ದ. ನಡುವೆ ಚುಚ್ಚಿದೆ, ನೋಡುತ್ತಿದ್ದ. ಕೊನೆಗೆ ಚುಚ್ಚಿದೆ, ಇನ್ನೂ ನೋಡುತ್ತಿದ್ದ. ಬಾವಿ ಬಹಳ ಆಳವಾಗಿದೆ ಎಂದು ಬರೆದು ಒಂದನೇ ದರ್ಜೆ ಕೊಟ್ಟೆ. ಇನ್ನೊಂದರಲ್ಲಿ ಗಂಡ ಹೆಂಡಿರು ಊಟದ ಮೇಜಿನಲ್ಲಿ ಮಾತಿಲ್ಲದೆ ಕೂತಿದ್ದರು. ಇದನ್ನು ಓದುಗರು ಅವರವರ ಮನೆಯಲ್ಲೇ ನೋಡಬಹುದು ಎಂದು ಬರೆದೆ. ಒಬ್ಬ ಬಾಗಿಲೊಂದನ್ನು ಹೊತ್ತುಕೊಂಡು ಊರೂರು ತಿರುಗುತ್ತಿದ್ದ. ಬಡಗಿಗಳ ಬವಣೆ ಮನಮುಟ್ಟುವಂತಿದೆ ಎಂದೆ. ಕಪ್ಪುಬಿಳುಪಿನದೊಂದಕ್ಕೆ, ಬಣ್ಣ ಹಾಕಲು ಪುರುಸೊತ್ತಾದಂತಿಲ್ಲ ಎಂದೆ. ಕಾಫಿ ಆರುವ ಮೊದಲು ನಾಲ್ಕು ಮುಗಿದವು.

ಐದನೆಯದು ‘ಏರಿ ಮೇಲೆ’. ಸೊರಬದ ಶ್ವೇತ ಎಂಬ ಹೈಸ್ಕೂಲ್ ಟೀಚರಮ್ಮ ಮಾಡಿದ್ದು, ಹದಿನಾಲ್ಕು ನಿಮಿಷ. ಅದನ್ನು ಸಮಾ ನೋಡು, ಪೂರ್ತಿ ನೋಡು ಎಂದು ಅಕ್ಕ ಆ ವಾರ ಎರಡು ಸಲ ಫೋನ್ ಮಾಡಿ ಹೇಳಿದ್ದಳು. ಊರಿನ ಅಭಿಮಾನ ಎಂದುಕೊಂಡು ಹೂಂ ಎಂದಿದ್ದೆ. ಚುಚ್ಚಿದೆ. ಶುರುವಿನಲ್ಲಿ ನಮ್ಮ ಅಂಬ್ಲಿಗೊಳದ ಕೆರೆ ಏರಿ, ಗಾಳಿ, ನಿಲ್ಲಿಸಿದ ಒಂದು ಹಳೆಯ ಸ್ಕೂಟಿ. ನಡುವೆ, ಏಳನೇ ನಿಮಿಷಕ್ಕೆ, ಹೆಲ್ಮೆಟ್ ಹಾಕಿ ಸೀರೆ ಉಟ್ಟ ಆಕಾರವೊಂದು ಸ್ಕೂಟಿಯ ಮೇಲೆ ತೂರಾಡುತ್ತಿತ್ತು. ಕೊನೆಗೆ ಅದೇ ಆಕಾರ ಬೆನ್ನು ತೋರಿಸಿಕೊಂಡು ದೂರ ಹೋಗುತ್ತಿತ್ತು. ನನ್ನ ಪೆನ್ನಿಗೆ ಹುರುಪು ಬಂತು. ಅಚ್ಚಾದದ್ದನ್ನು ಹಾಗೇ ಕೊಡುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ:

“ಈ ಚಿತ್ರದಲ್ಲಿ ಗಾಳಿಯ ಅಭಿನಯ ಚೆನ್ನಾಗಿದೆ. ಮುದುಕಿಯೊಬ್ಬಳು ಸ್ಕೂಟಿ ಕಲಿಯುವ ಕಥೆಯಂತೆ, ಆದರೆ ಮುದುಕಿಯ ಮುಖವೇ ಎಲ್ಲೂ ಇಲ್ಲ. ಓಡಿಸಿರುವುದು ಸೀರೆ ಉಟ್ಟ ಯಾವನೋ ಪಡ್ಡೆ ಹುಡುಗ ಎಂಬುದು ಬೆನ್ನಿನ ಅಗಲ ನೋಡಿದರೇ ತಿಳಿಯುತ್ತದೆ. ಮೇಲೆ ನಾಲ್ಕು ಒಳ್ಳೆಯ ಕಾಳು, ಒಳಗೆಲ್ಲ ಜೊಳ್ಳು. ದರ್ಜೆ ಎರಡು.”

ಗುರುವಾರ ಪತ್ರಿಕೆ ಬಂತು. ಬಾವಿ ಚಿತ್ರದ ನಿರ್ದೇಶಕರು ಫೋನ್ ಮಾಡಿ, ತಮ್ಮ ಕೃತಿಯ ಆಳವನ್ನು ಗುರುತಿಸಿದ ಮೊದಲ ವಿಮರ್ಶಕ ನಾನೇ ಎಂದು ಮೂರು ಸಲ ಧನ್ಯವಾದ ಹೇಳಿದರು. ನಾನು ಹೇಳಿದ್ದು ಬಾವಿಯದು ಎಂದು ತಿದ್ದಲು ಹೋಗಲಿಲ್ಲ. ಆ ಉಬ್ಬಿನಲ್ಲಿರುವಾಗಲೇ ಸೊರಬದಿಂದ ಭಾವನ ಫೋನು. ಅಕ್ಕನ ಗಂಡ ರುದ್ರಪ್ಪ ಭಾವ ನಲವತ್ತು ವರ್ಷದಲ್ಲಿ ನನ್ನನ್ನು ಒಂದು ಸಲವೂ ಹೊಗಳಿದವರಲ್ಲ. ಅವತ್ತು ಹೊಗಳಿದರು. ಸೊಸೈಟಿ ಜಗುಲಿಯಲ್ಲಿ ಕೂತ ಎಂಟು ಜನರಿಗೂ ನನ್ನ ವಿಮರ್ಶೆಯನ್ನು ಗಟ್ಟಿಯಾಗಿ ಓದಿ ಹೇಳಿದರಂತೆ. ಬೆನ್ನಿನ ಅಗಲದ ಸಾಲನ್ನು ಅವರು ಎರಡು ಸಲ ಓದಿಸಿದರಂತೆ. ಆಮೇಲೆ, ಅದರಲ್ಲಿ ಪಾರ್ಟು ಮಾಡಿದ ಮುದುಕಿ ನಿನ್ನ ಅಕ್ಕನೇ ಅಲ್ಲವಾ, ನಿನಗೆ ಹೇಳಿರಲಿಲ್ಲವಾ ಎಂದರು. ಫೋನು ಅಕ್ಕನಿಗೆ ಕೊಡಿ ಎಂದೆ. ಅವಳ ಕೈ ಹಿಟ್ಟಾಗಿದೆಯಂತೆ ಎಂದರು. ಸಂಜೆ ಮಾಡಿದೆ, ಕೈ ಹಿಟ್ಟಾಗಿತ್ತು. ಶುಕ್ರವಾರ ಬೆಳಿಗ್ಗೆ, ಮಧ್ಯಾಹ್ನ ಮಾಡಿದೆ. ಎರಡು ದಿನ ನಾದುವಂಥ ಹಿಟ್ಟು ಯಾವುದು ಎಂದು ಸುಶೀಲಳನ್ನು ಕೇಳಿದೆ. ಸಿಟ್ಟಿನ ಹಿಟ್ಟು ಎಂದಳು.

ಆವತ್ತು ನಾವಿಬ್ಬರೂ ಕೂತು ‘ಏರಿ ಮೇಲೆ’ಯನ್ನು ಮೊದಲಿನಿಂದ ನೋಡಿದೆವು. ಎಲ್ಲಿಗೆ ಹೋಗಬೇಕಾದರೂ ಯಾರ ಹಿಂದಾದರೂ ಕೂತೇ ಹೋದ ಒಬ್ಬ ಹೆಂಗಸು. ಮುಂದೆ ಯಾವ ಊರು ಬರುತ್ತದೆ ಎಂಬುದೇ ಅವಳಿಗೆ ಗೊತ್ತಿಲ್ಲ, ಕಂಡದ್ದೆಲ್ಲ ಓಡಿಸುವವರ ಬೆನ್ನು. ಅವಳು ಮುಪ್ಪಿನಲ್ಲಿ ಏರಿಯ ಮೇಲೆ ಸ್ಕೂಟಿ ಕಲಿಯುತ್ತಾಳೆ. ಬೀಳುತ್ತಾಳೆ, ಮತ್ತೆ ಹತ್ತುತ್ತಾಳೆ. ಎಂಟನೇ ನಿಮಿಷಕ್ಕೆ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಬೆವರಿದ ಮುಖವನ್ನು ಸೆರಗಿನಲ್ಲಿ ಒರೆಸಿಕೊಂಡು ನಗುತ್ತಾಳೆ. ಆ ನಗು ನನಗೆ ಗೊತ್ತು. ನನ್ನ ಅಕ್ಕ ಹಾಗೆ ನಕ್ಕು ಎಷ್ಟೋ ವರ್ಷವಾಗಿತ್ತು. ನಾನು ಚುಚ್ಚಿದ್ದು ಏಳನೇ ನಿಮಿಷಕ್ಕೆ. ಸುಶೀಲ ಕಣ್ಣೊರೆಸಿಕೊಂಡಳು, ನಾನು ಒರೆಸಿಕೊಳ್ಳಲೂ ನಾಚಿ ಸುಮ್ಮನೆ ಕೂತೆ.

ಶನಿವಾರ ಬೆಳಿಗ್ಗೆಯೇ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋದೆ. ಭಾವ ಸೊಸೈಟಿ ಜಗುಲಿಗೆ ಪೇಪರ್ ಓದಲು ಹೋಗಿದ್ದರು. ಬಾಗಿಲು ತೆರೆದ ಅಕ್ಕ ನನ್ನನ್ನು ನೋಡಿದ್ದೇ ಗಿರಕ್ಕನೆ ತಿರುಗಿ ಬೆನ್ನು ಹಾಕಿ ನಿಂತಳು.

“ಅಗಲ ಎಷ್ಟಿದೆ, ಸಮಾ ಅಳ್ಕೋ” ಎಂದಳು.

ನಾನು ತಪ್ಪಾಯ್ತು ಎಂದೆ. ಪೂರ್ತಿ ನೋಡಿರಲಿಲ್ಲ ಎಂದೂ ಒಪ್ಪಿಕೊಂಡೆ. ಅದು ನನಗೆ ಗೊತ್ತು ಎಂದಳು. ಕಡಲೆಕಾಯಿ ತಿಂದು ಮಲಗಿದ್ದೂ ನನಗೆ ಆವತ್ತೇ ಗೊತ್ತಿತ್ತು ಎಂದು ಸೇರಿಸಿದಳು. ಆಮೇಲೆ ಚಹಾ ಕೊಟ್ಟಳು, ಸಕ್ಕರೆ ಹಾಕಿರಲಿಲ್ಲ. ಕುಡಿಯುತ್ತ ಕೂತೆ. ಆಗ ಒಂದೊಂದಾಗಿ ವಿಷಯ ಹೊರಗೆ ಬಂತು.

ಅಕ್ಕ ಪಾರ್ಟು ಮಾಡಲು ಭಾವ ಒಪ್ಪಿದ್ದರು, ಗಾಡಿ ಮುಟ್ಟಬಾರದು ಎಂಬ ಷರತ್ತಿನ ಮೇಲೆ. ಅದು ದರ್ಪವಲ್ಲ, ಭಯ. ಮದುವೆಯಾದ ಹೊಸತರಲ್ಲಿ ಸೈಕಲ್ಲಿನಿಂದ ಚರಂಡಿಗೆ ಬಿದ್ದವರು, ಅವತ್ತಿನಿಂದ ಎರಡು ಚಕ್ರದ ಯಾವುದನ್ನೂ ನಂಬಿದವರಲ್ಲ. ಓಡಿಸುವ ದೃಶ್ಯಕ್ಕೆಂದು ಶ್ವೇತ ಒಬ್ಬ ತರುಣನಿಗೆ ಸೀರೆ ಉಡಿಸಿದ್ದೂ ನಿಜ. ಅವನಿಗೆ ಗಾಡಿ ಬರುತ್ತಿತ್ತು, ಸೀರೆ ಬರುತ್ತಿರಲಿಲ್ಲ. ನೆರಿಗೆ ಚಕ್ರಕ್ಕೆ ಸಿಕ್ಕಿ ಎರಡು ಸಲ ಉರುಳಿದ. ಸೀರೆ ಐವತ್ತು ವರ್ಷದಿಂದ ಬರುತ್ತದೆ, ಇನ್ನು ಕಲಿಯಬೇಕಾದ್ದು ಗಾಡಿ ಒಂದೇ ಎಂದು ಅಕ್ಕ ಹತ್ತಿದಳು. ಎರಡು ತಿಂಗಳು ಕಲಿತಳು. ಮೊಣಕಾಲಿನ ಗಾಯಕ್ಕೆ, ಬಚ್ಚಲಲ್ಲಿ ಜಾರಿದೆ ಎಂದು ಮನೆಯಲ್ಲಿ ಹೇಳಿದಳು. ಕಣ್ಣಿನ ಡಾಕ್ಟರ ಹತ್ತಿರ ಎಂದು ಹೇಳಿ ಸಾಗರಕ್ಕೆ ಹೋಗಿ ಲೈಸೆನ್ಸ್ ಮಾಡಿಸಿದಳು. ಅದು ಸಂಡಿಗೆ ಡಬ್ಬಿಯಲ್ಲಿತ್ತು, ತೆಗೆದು ತೋರಿಸಿದಳು. ಫೋಟೋಕ್ಕೆ ಹುರಿದ ಮೆಣಸಿನಕಾಯಿಯ ವಾಸನೆ ಬರುತ್ತಿತ್ತು. ಸಿನಿಮಾ ಮುಗಿದ ಮೇಲೆ ಶ್ವೇತ ಆ ಸ್ಕೂಟಿಯನ್ನು ಅಕ್ಕನಿಗೇ ಕೊಟ್ಟುಬಿಟ್ಟಿದ್ದಳು.

ಇಷ್ಟೆಲ್ಲ ಮಾಡಿದವಳಿಗೆ ಗಂಡನಿಗೆ ಹೇಳುವುದೊಂದು ಬಾಕಿಯಿತ್ತು. ಅದನ್ನು ಅವಳು ನನಗೆ ಬಿಟ್ಟಿದ್ದಳು. ಭಾವ ಬಾಯಿಮಾತು ನಂಬುವುದಿಲ್ಲ, ಅಚ್ಚಾದದ್ದನ್ನು ಮಾತ್ರ ನಂಬುತ್ತಾರೆ. ತಮ್ಮನಾದವನು ಸಿನಿಮಾ ನೋಡುತ್ತಾನೆ, ಮುಖ ಗುರುತಿಸುತ್ತಾನೆ, ಓಡಿಸಿದ್ದು ನನ್ನ ಅಕ್ಕ ಎಂದು ಪೇಪರಿನಲ್ಲಿ ಹಾಕುತ್ತಾನೆ, ಗಂಡ ಓದಿ ಗೊಣಗಿ ಸುಮ್ಮನಾಗುತ್ತಾರೆ. ಅದು ಅವಳ ಲೆಕ್ಕ. ಬಂದದ್ದು ಪಡ್ಡೆ ಹುಡುಗ. ಗುರುವಾರ ಅವಳೇ ಬಾಯಿಬಿಟ್ಟು ಓಡಿಸಿದ್ದು ನಾನು ಎಂದರೆ, ಭಾವ ಪೇಪರ್ ಮುಂದೆ ಹಿಡಿದು ನಕ್ಕರಂತೆ. ಸಿನಿಮಾದಲ್ಲಿ ಮುಖ ಕಾಣುತ್ತದಲ್ಲ ಎಂದರೆ, ಮುಖ ಆಮೇಲೆ ಅಂಟಿಸುತ್ತಾರೆ ಎಂದರಂತೆ. ಓಡಿಸುವವರಿಲ್ಲದ ಗಾಡಿ ಮನೆಯಲ್ಲಿ ಯಾಕೆ ಎಂದು, ಸೋಮವಾರ ಬಂದು ತೆಗೆದುಕೊಂಡು ಹೋಗಲು ಶಿರಾಳಕೊಪ್ಪದಲ್ಲಿರುವ ಭಾವನ ತಂಗಿಯ ಮನೆಗೆ ಹೇಳಿಯೂ ಆಗಿತ್ತು.

ಅಕ್ಕ ಇದನ್ನು ಹೇಳುವಾಗ ಅಳಲಿಲ್ಲ. ಲೋಟದ ಅಂಚನ್ನು ಬೆರಳಲ್ಲಿ ಉಜ್ಜುತ್ತಿದ್ದಳು. “ಅರವತ್ತೆಂಟು ವರ್ಷ ಬೇರೆಯೋರಿಗೆ ಪುರ್ಸೊತ್ತಾದಾಗ ಹೋಗಿ ಬಂದಿದ್ದು ಮಾರಾಯ ನಾನು. ನನಗೆ ಬೇಕಾದಾಗ ಹೋಗಿದ್ದು ಆ ಏರಿ ಮೇಲೆ ಒಂದೇಯ. ಅದನ್ನೂ ನೀನು ಯಾರಿಗೋ ಬರ್ಕೊಟ್ಟೆ.”

ಮುಂದಿನ ವಾರ ದಪ್ಪ ಅಕ್ಷರದಲ್ಲಿ ತಿದ್ದುಪಡಿ ಹಾಕಿಸುತ್ತೇನೆ, ಹೆಸರು, ಫೋಟೋ ಎಲ್ಲ ಹಾಕಿಸುತ್ತೇನೆ ಎಂದೆ. ಪೇಪರ್ ಬರುವುದು ಗುರುವಾರ, ಗಾಡಿ ಹೋಗುವುದು ಸೋಮವಾರ ಎಂದು ಅವಳು ನೆನಪಿಸಿದಳು. ಹಾಗಾದರೆ ಭಾವನ ಮುಂದೆ ಒಂದು ಸಲ ಓಡಿಸಿ ತೋರಿಸಬಾರದಿತ್ತೇ ಎಂದು ಕೇಳಿದೆ.

“ತೋರಿಸ್ಲಿಕ್ಕೆ ಬರ್ತಿತ್ತು. ಬರೆದೋನೂ ಜೊತೆಗಿರ್ಬೇಕು ಅಂತ ಕಾದಿದ್ದೆ” ಎಂದು ಎದ್ದಳು. “ಹತ್ತು.”

ಹಿತ್ತಿಲಲ್ಲಿ ಗೋಣಿತಾಟು ಹೊದಿಸಿ ನಿಲ್ಲಿಸಿದ್ದ ಸ್ಕೂಟಿಯನ್ನು ಹೊರಗೆ ತಂದಳು. ಹೆಲ್ಮೆಟ್ ಎರಡಿದ್ದವು, ನನಗೊಂದು ಬಿಗಿದಳು. ನಾನು ಜೀವಮಾನದಲ್ಲಿ ಹೆಂಗಸರ ಹಿಂದೆ ಗಾಡಿಯಲ್ಲಿ ಕೂತವನಲ್ಲ. ಕೈ ಎಲ್ಲಿಡಬೇಕು ಎಂಬುದೇ ತಿಳಿಯದೆ ಮೊದಲು ತೊಡೆಯ ಮೇಲೆ ಇಟ್ಟುಕೊಂಡೆ. ಗಾಡಿ ಹೊರಟದ್ದೇ ಅವಳ ಹೆಗಲನ್ನು ತಬ್ಬಿ ಹಿಡಿದೆ. ಬಸ್‌ಸ್ಟ್ಯಾಂಡಿನ ಕಡೆ ತಿರುಗಿದಳು. ಎದುರಿಗೊಂದು ಟ್ರ್ಯಾಕ್ಟರ್, ಪಕ್ಕದಲ್ಲಿ ಎಮ್ಮೆ, ಎಮ್ಮೆಯ ಪಕ್ಕದಲ್ಲಿ ಆಟೋ. ನಾನು ಕಣ್ಣು ಮುಚ್ಚಿ ನೆನಪಿದ್ದ ದೇವರನ್ನೆಲ್ಲ ಕರೆದೆ.

“ಕನ್ನಡೀಲಿ ಕಾಣ್ತದೆ ನನಗೆ. ಕಣ್ಣು ಬಿಡು” ಎಂದಳು ಅಕ್ಕ. “ಇದನ್ನಾದ್ರೂ ಪೂರ್ತಿ ನೋಡು.”

ಬಿಟ್ಟೆ. ಟ್ರ್ಯಾಕ್ಟರ್ ದಾಟಿತ್ತು. ತರಕಾರಿ ಅಂಗಡಿಯ ಹೆಂಗಸು ತಕ್ಕಡಿ ಹಿಡಿದುಕೊಂಡೇ ಬಾಯಿ ತೆರೆದು ನಿಂತಿದ್ದಳು. ಔಷಧಿ ಅಂಗಡಿಯವರು ಕನ್ನಡಕ ಮೇಲೆತ್ತಿ ನೋಡಿದರು. ಅಕ್ಕ ಯಾರ ಕಡೆಗೂ ತಿರುಗಲಿಲ್ಲ, ಬೆನ್ನು ನೆಟ್ಟಗೆ ಇಟ್ಟುಕೊಂಡು ಗುಂಡಿ ತಪ್ಪಿಸುತ್ತ ಹೋದಳು. ನನಗೆ ಹೆಮ್ಮೆಯಾಯಿತು, ಹೆದರಿಕೆಯೂ ಆಯಿತು. ಎರಡೂ ಒಟ್ಟಿಗೇ ಆದದ್ದನ್ನು ಯಾಕೆ ಮುಚ್ಚಿಡಲಿ.

ಸೊಸೈಟಿ ಜಗುಲಿಯಲ್ಲಿ ಎಂಟೂ ಜನ ಇದ್ದರು. ಅಕ್ಕ ಗಾಡಿಯನ್ನು ಭಾವನ ಚಪ್ಪಲಿಗೆ ಒಂದು ಗೇಣು ಬಿಟ್ಟು ನಿಲ್ಲಿಸಿ, ಹೆಲ್ಮೆಟ್ ತೆಗೆದು, ಸೆರಗಿನಿಂದ ಮುಖ ಒರೆಸಿಕೊಂಡಳು. ಭಾವ ಅವಳನ್ನು ನೋಡಿದರು, ಗಾಡಿಯನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ನಾನು ಎಲ್ಲರಿಗೂ ಕೇಳುವಂತೆ, ಪೇಪರಿನಲ್ಲಿ ಬರೆದದ್ದು ಸುಳ್ಳು, ಸಿನಿಮಾ ನೋಡದೆ ಬರೆದೆ, ಓಡಿಸಿದ್ದು ಇವಳೇ ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು. ಜಗುಲಿಯ ತುದಿಯಲ್ಲಿದ್ದ ಒಬ್ಬರು ಕೆಮ್ಮಿದರು.

ಭಾವ ಪೇಪರನ್ನು ನಾಲ್ಕು ಮಡಿಕೆ ಮಾಡಿ ಬಗಲಿಗೆ ಇಟ್ಟುಕೊಂಡರು. ನಿಂತ ಗಾಡಿಯ ಬ್ರೇಕನ್ನೂ ಅಕ್ಕ ಬಿಡದೆ ಒತ್ತಿ ಹಿಡಿದಿದ್ದುದು ಹಿಂದೆ ಕೂತ ನನಗೆ ಮಾತ್ರ ಕಾಣುತ್ತಿತ್ತು. ಅದುವರೆಗೂ ಅವಳು ಹೆದರಿದ್ದಾಳೆಂದು ನನಗೆ ಹೊಳೆದಿರಲಿಲ್ಲ.

“ಇಳಿ ನೀನು” ಎಂದರು ಭಾವ, ನನಗೆ.

ಇಳಿದೆ. ನನ್ನ ತಲೆಯ ಹೆಲ್ಮೆಟ್ಟನ್ನು ಅವರೇ ಬಿಚ್ಚಿ ಹಾಕಿಕೊಂಡರು. ಪಂಚೆಯನ್ನು ಮಡಚಿ ಕಟ್ಟಿ, ಅಕ್ಕನ ಹೆಗಲನ್ನು ಊರಿಕೊಂಡು, ಕಷ್ಟಪಟ್ಟು ಒಂದು ಕಾಲನ್ನು ಆಚೆ ದಾಟಿಸಿ ಕೂತರು. ಮುಖ ಬಿಳಿಚಿಕೊಂಡಿತ್ತು. ಎರಡೂ ಕೈಯಲ್ಲಿ ಅವಳನ್ನು ಭದ್ರವಾಗಿ ಹಿಡಿದುಕೊಂಡ ಮೇಲೆ, ಮನೆಯ ಯಜಮಾನರಾಗಿ ಏನಾದರೂ ಹೇಳಲೇಬೇಕಲ್ಲ ಎಂಬಂತೆ, “ನಿಧಾನಕ್ಕೆ ಹೋಗು. ತಿರುವಲ್ಲಿ ಹಾರ್ನ್ ಹೊಡಿ” ಎಂದರು.

ಅಕ್ಕ ತಿರುವಿನಲ್ಲಿ ಹಾರ್ನ್ ಹೊಡೆಯಲಿಲ್ಲ. ತಿರುವು ದಾಟಿ, ಎದುರಿಗೆ ಯಾರೂ ಇಲ್ಲದ ನೇರ ರಸ್ತೆಗೆ ಹೋದ ಮೇಲೆ, ಕೈ ತೆಗೆಯದೆ ಹೊಡೆದಳು.